ನೇರಪ್ರಸಾರದಲ್ಲಿ ಗುಡುಗಪ್ಪನವರು

ಗುಡುಗಪ್ಪನವರಿಗೆ ಆ ಹೆಸರು ಇಟ್ಟವರು ತಂದೆ ತಾಯಿಯಲ್ಲ, ಬೀದಿಯವರು. ಬೀದಿಯವರಿಗೆ ಅದನ್ನು ಒದಗಿಸಿದವರು ಅವರ ಹೆಂಡತಿ. ಹೆಂಡತಿಯ ಕಿವಿಗೆ ಹಾಕಿದವರು ಸ್ವತಃ ಗುಡುಗಪ್ಪನವರೇ. ಹೀಗೆ ತಮ್ಮ ಬಿರುದನ್ನು ತಾವೇ ಸುತ್ತುಬಳಸಿ ಸಂಪಾದಿಸಿಕೊಂಡ ಈ ಮಹಾನುಭಾವರು ಪುರಸಭೆಯ ಸದಸ್ಯರಾಗಿ ಮೂರನೆಯ ಅವಧಿ ನಡೆಸುತ್ತಿದ್ದರು. ಅಷ್ಟು ವರ್ಷಗಳಲ್ಲಿ ಸಭೆಯ ಕೋಣೆಯೊಳಗೆ ಅವರ ಬಾಯಿ ತೆರೆದದ್ದು ಬಿಸ್ಕತ್ತಿಗೆ, ಚಹಾಕ್ಕೆ ಮತ್ತು ಆಕಳಿಕೆಗೆ.

ಹುಟ್ಟಿನಿಂದಲೇ ಮೂಕಬಸವ ಎಂದು ಅವರನ್ನು ಹಳಿಯುವ ಹಾಗಿಲ್ಲ. ತಂದೆ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವರು. ಆ ಮನುಷ್ಯ ಊಟದ ನಡುವೆ ಉಪ್ಪು ಕೇಳಿದರೆ ಪಕ್ಕದ ಮನೆಯವರು ತಮ್ಮನ್ನೇ ಕೇಳಿದರೇನೋ ಎಂದು ಡಬ್ಬಿ ತೆಗೆಯುತ್ತಿದ್ದರು. ಅಂಥ ಗಂಟಲಿನ ಕೆಳಗೆ ಬೆಳೆದ ಮಗನಿಗೆ ನಡುವೆ ಬಾಯಿ ಹಾಕುವುದಕ್ಕೆ ಸಂದು ಸಿಗಲಿಲ್ಲ. ಮುಂದೆ ಹಿಡಿದ ಕಸುಬೂ ಅದಕ್ಕೆ ಸರಿಯಾಗಿಯೇ ಒದಗಿತು. ಕನ್ನಡಕದ ಅಂಗಡಿ ಇಟ್ಟರು. ಅಲ್ಲಿ ಗೋಡೆಯ ಮೇಲಿನ ಅಕ್ಷರಗಳನ್ನು ಓದುವವರು ಗಿರಾಕಿಗಳು, ಅಂಗಡಿಯವರು ಗಾಜು ಬದಲಿಸುತ್ತ "ಈಗ?" ಅನ್ನಬೇಕು, ಇನ್ನೊಂದು ಗಾಜು ಹಾಕಿ "ಈಗ?" ಅನ್ನಬೇಕು. ಆ ಒಂದು ಮಾತಿನಲ್ಲಿ ಅವರು ಸಂಸಾರ ಸಾಗಿಸಿದರು, ಮನೆ ಕಟ್ಟಿದರು, ಮಗಳನ್ನು ಓದಿಸಿ ಮದುವೆ ಮಾಡಿ ಕಳಿಸಿದರು.

ಚುನಾವಣೆಗೆ ನಿಂತದ್ದೂ ತಮ್ಮ ಬುದ್ಧಿಯಿಂದಲ್ಲ. ಅವರ ವಾರ್ಡಿನಲ್ಲಿ ಇಬ್ಬರು ಘಟಾನುಘಟಿಗಳು ಬೆಳಗಿನಿಂದ ಸಂಜೆಯವರೆಗೆ ಧ್ವನಿವರ್ಧಕದಲ್ಲಿ ಒಬ್ಬರ ಜನ್ಮ ಇನ್ನೊಬ್ಬರು ಜಾಲಾಡುತ್ತಿದ್ದರು. ಜನಕ್ಕೆ ತಲೆಚಿಟ್ಟು ಹಿಡಿಯಿತು. ಯಾರೋ ಕುಚೋದ್ಯಕ್ಕೆ ಕನ್ನಡಕದವರ ಹೆಸರನ್ನೂ ಸೇರಿಸಿದರು. ಪ್ರಚಾರದ ಒಂದು ದಿನವೂ ತುಟಿ ಬಿಚ್ಚದ ಈ ಒಬ್ಬ ಅಭ್ಯರ್ಥಿಯನ್ನು ಜನ ಕಣ್ಣಿಗೆ ಒತ್ತಿಕೊಂಡು ಗೆಲ್ಲಿಸಿದರು.

ಮೊದಲ ಸಭೆ ಮುಗಿಸಿ ಮನೆಗೆ ಬಂದಾಗ ಹೆಂಡತಿ ತಟ್ಟೆ ಹಾಕಿ ಎದುರಿಗೆ ಕೂತರು. ಕಣ್ಣಲ್ಲಿ ಹಿಗ್ಗು ತುಂಬಿ ತುಳುಕುತ್ತಿತ್ತು.

"ಏನು ಮಾತಾಡಿದ್ರಿ?"

ಆ ಹೆಣ್ಣುಮಗಳು ಮದುವೆಯಾದ ಲಾಗಾಯ್ತು ಗಂಡನನ್ನು ಇಷ್ಟು ಆಸೆಯಿಂದ ನೋಡಿದ್ದಿಲ್ಲ. ಏನೂ ಮಾತಾಡಲಿಲ್ಲ ಎಂದು ಆ ಮುಖಕ್ಕೆ ಹೇಳುವುದು ಹೇಗೆ? ಗುಡುಗಪ್ಪನವರು ತುತ್ತು ನುಂಗಿ, "ಸ್ವಲ್ಪ ಗಟ್ಟಿಯಾಗೇ ಹೇಳಿದೆ" ಅಂದರು. ಅದು ಬೀಜ. ಮುಂದಿನ ಸಭೆಗೆ "ಮೇಜು ಕುಟ್ಟಿದೆ" ಆಯಿತು. ಆಮೇಲೆ "ಅಧ್ಯಕ್ಷರು ಎದ್ದು ನಿಂತು, ದಯವಿಟ್ಟು ಕೂತ್ಕೊಳ್ಳಿ ಅಂತ ಕೈ ಮುಗಿದ್ರು" ಆಯಿತು. ಗಂಡ ಬಿಟ್ಟ ರೈಲಿಗೆ ಹೆಂಡತಿ ಇನ್ನೆರಡು ಡಬ್ಬಿ ಜೋಡಿಸಿ ತಮ್ಮ ಹೊಲಿಗೆ ತರಗತಿಗೆ ಕಳಿಸುತ್ತಿದ್ದರು. ಮಾರುಕಟ್ಟೆ ಕಟ್ಟಡದ ಮೇಲಂತಸ್ತಿನಲ್ಲಿ, ಪುರಸಭೆಯದೇ ಒಂದು ಉದ್ದನೆಯ ಕೋಣೆಯಲ್ಲಿ, ಅವರು ಊರಿನ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದರು. ಅಲ್ಲಿಂದ ಮಾತು ಬೀದಿಗಿಳಿಯಿತು. ಬೀದಿ ಅವರಿಗೆ ಹೆಸರಿಟ್ಟಿತು.

ಇದರಲ್ಲಿ ಒಂದು ತೊಡಕಿತ್ತು. ಇಷ್ಟು ಗುಡುಗಿದರೂ ಊರಲ್ಲಿ ಹನಿ ಬೀಳುತ್ತಿರಲಿಲ್ಲವಲ್ಲ! ಕೇಳಿದ ನಲ್ಲಿ ಬರುತ್ತಿರಲಿಲ್ಲ, ಬೇಡವೆಂದ ಕಸದ ತೊಟ್ಟಿ ತಪ್ಪದೆ ಬರುತ್ತಿತ್ತು. ಅದಕ್ಕೂ ಗುಡುಗಪ್ಪನವರ ಹತ್ತಿರ ಸಿದ್ಧ ಉತ್ತರವಿತ್ತು. "ನಾನೊಬ್ಬನೇ ವಿರೋಧಿಸಿದೆ. ಉಳಿದೋರೆಲ್ಲ ಒಂದಾಗಿಬಿಟ್ರು. ಒಬ್ಬ ಏನು ಮಾಡೋಕಾಗುತ್ತೆ?" ಈ ಮಾತು ಕೇಳಿದಾಗಲೆಲ್ಲ ಹೆಂಡತಿಯ ಕಣ್ಣಲ್ಲಿ ಅವರು ಒಂದು ಮೊಳ ಮೇಲೇಳುತ್ತಿದ್ದರು. ಗೆದ್ದು ಬಂದವನಿಗಿಂತ ಒಂಟಿಯಾಗಿ ಸೋತು ಬಂದವನಿಗೆ ಆ ಮನೆಯಲ್ಲಿ ಬಿಸಿ ಊಟ ಹೆಚ್ಚು ಸಿಗುತ್ತಿತ್ತು.

ನಿಜವಾಗಿ ಸಭೆ ನಡೆಯುತ್ತಿದ್ದ ರೀತಿಯೇ ಬೇರೆ. ಎಲ್ಲವೂ ತೀರ್ಮಾನವಾಗುತ್ತಿದ್ದದ್ದು ಸಭೆಗೆ ಮುಂಚೆ, ಅಧ್ಯಕ್ಷರ ಕೊಠಡಿಯಲ್ಲಿ, ಚಹಾ ಕುಡಿಯುವಾಗ. ಯಾರ ಬೀದಿಗೆ ದೀಪ, ಯಾರ ಷಡ್ಡಕನಿಗೆ ಗುತ್ತಿಗೆ, ಎಲ್ಲ ಅಲ್ಲೇ. ಅಲ್ಲಿಂದ ಎಲ್ಲರೂ ಬಾಯಿ ಒರೆಸಿಕೊಂಡು ಸಭೆಯ ಕೋಣೆಗೆ ಬಂದು ಕುದುರೆಲಾಳದ ಆಕಾರದ ಮೇಜಿನ ಸುತ್ತ ಕೂರುತ್ತಿದ್ದರು. ಕಾರ್ಯದರ್ಶಿ ಮೂಗಿನಲ್ಲಿ ವಿಷಯ ಓದುತ್ತಿದ್ದರು. ಓದು ನಿಂತ ಕೂಡಲೇ ಅಧ್ಯಕ್ಷರು ಪೆನ್ಸಿಲಿನಿಂದ ಮೇಜಿನ ಮೇಲೆ ಟಕ್ ಅನ್ನಿಸುತ್ತಿದ್ದರು. ಟಕ್ ಅಂದರೆ ಕೈಗಳು ಮೇಲೆ. ಸರ್ವಾನುಮತ. ಮತ್ತೆ ಓದು, ಮತ್ತೆ ಟಕ್, ಮತ್ತೆ ಕೈ. ವರ್ಷಗಟ್ಟಲೆ ಹೀಗೆ ನಡೆದು, ಯಾವ ವಿಷಯಕ್ಕೆ ಎತ್ತಿದೆವು ಎಂದು ಕೇಳುವ ರೂಢಿಯೇ ತಪ್ಪಿಹೋಗಿತ್ತು. ಒಮ್ಮೆ ಅಧ್ಯಕ್ಷರು ಪೆನ್ಸಿಲು ಕೆಳಗೆ ಬೀಳಿಸಿಕೊಂಡಾಗ ಅರ್ಧ ಸಭೆ ಕೈ ಎತ್ತಿತ್ತು. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಇಂಥ ಸುಖದ ಬಾಳಿನ ಮೇಲೆ ಮೇಲಿನಿಂದ ಒಂದು ಆದೇಶ ಬಂದು ಬಿತ್ತು. ಇನ್ನು ಮುಂದೆ ಎಲ್ಲ ಸಭೆಗಳೂ ಇಂಟರ್ನೆಟ್ಟಿನಲ್ಲಿ ನೇರಪ್ರಸಾರವಾಗಬೇಕು, ಜನ ಮನೆಯಲ್ಲೇ ಕೂತು ನೋಡಬೇಕು. ಓದಿ ಮುಗಿಸಿದ ಕಾರ್ಯದರ್ಶಿ ಬೆವರು ಒರೆಸಿಕೊಂಡರು. ಅಧ್ಯಕ್ಷರು ಸುತ್ತ ನೋಡಿದರು.

"ಯಾರು ವಹಿಸ್ಕೋತೀರಿ ಇದನ್ನ?"

ಎಲ್ಲರೂ ಮೇಜಿನ ಮರವನ್ನು ಕೊಳ್ಳುವವರ ಹಾಗೆ ಪರೀಕ್ಷಿಸತೊಡಗಿದರು. ಆಗ ನಿವೃತ್ತ ಮೇಷ್ಟ್ರಾದ ಒಬ್ಬ ಸದಸ್ಯರು ಗಂಟಲು ಸರಿಪಡಿಸಿಕೊಂಡರು. "ಅದಕ್ಕೇನು ಯೋಚನೆ? ಕನ್ನಡಕದೋರಿದ್ದಾರಲ್ಲ. ಕ್ಯಾಮೆರಾ ಅಂದ್ರೂ ಗಾಜೇ ತಾನೇ?"

ಇಷ್ಟು ತೂಕದ ತರ್ಕ ಆ ಕೋಣೆಯಲ್ಲಿ ಬಹಳ ದಿನದಿಂದ ಕೇಳಿಬಂದಿರಲಿಲ್ಲ. ಅಧ್ಯಕ್ಷರು ಟಕ್ ಅನ್ನಿಸಿದರು. ಕೈಗಳು ಎದ್ದವು. ಗುಡುಗಪ್ಪನವರು ಪಕ್ಕಕ್ಕೆ ತಿರುಗಿ ನೋಡಿದರೆ ತಮ್ಮ ಕೈಯೂ ಮೇಲೆಯೇ ಇತ್ತು.

ಅವತ್ತು ದಾರಿಯುದ್ದಕ್ಕೂ ಅವರಿಗೆ ಒಂದೇ ಯೋಚನೆ. ಹೆಂಡತಿ ನೋಡುತ್ತಾಳೆ. ತರಗತಿಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು ನೋಡುತ್ತಾಳೆ. ಇಷ್ಟು ವರ್ಷ ಕಥೆಯಲ್ಲಿ ಕೇಳಿದ ಸಿಡಿಲು ಕಣ್ಣಾರೆ ಕಾಣಲಿ ಎಂದು ಕಾಯುತ್ತಾಳೆ. ಕಾಣುವುದು ಏನು? ಬಿಸ್ಕತ್ತು. ಊರು ನಕ್ಕರೆ ನಗಲಿ, ಮುಂದಿನ ಚುನಾವಣೆ ಹೋದರೆ ಹಾಳಾಗಿ ಹೋಗಲಿ. ಆದರೆ ತಟ್ಟೆಯ ಆಚೆ ಕೂತ ಆ ಎರಡು ಕಣ್ಣು ತಮ್ಮನ್ನು ಹಿಂದಿನ ಹಾಗೆ ನೋಡದೆ ಹೋದರೆ ಬದುಕಿ ಮಾಡುವುದೇನು ಎಂದು ಅವರಿಗೆ ನಿಜವಾಗಿಯೇ ಸಂಕಟವಾಯಿತು. ಮನೆ ಮುಟ್ಟಿದ ಮೇಲೆ ಮಾತ್ರ ಬಾಯಿ ತನ್ನ ಹಳೆಯ ಚಾಳಿಗೇ ಹೋಯಿತು.

"ನೇರಪ್ರಸಾರ ಆಗ್ಲೇಬೇಕು ಅಂತ ಪಟ್ಟು ಹಿಡಿದೆ. ನನ್ನ ತಲೆಗೇ ಕಟ್ಟಿದ್ರು."

"ಇನ್ನೇನ್ ಮತ್ತೆ!" ಅಂದರು ಹೆಂಡತಿ. "ಕದ್ದು ತಿನ್ನೋರಿಗೆ ತಾನೇ ಭಯ? ನಿಮಗೇನು?"

ಮರುದಿನ ಕ್ಯಾಮೆರಾದವನು ಬಂದ. ಬಾಯಲ್ಲಿ ಏನನ್ನೋ ಅಗಿಯುತ್ತ, ಕೋಣೆಯ ಬಾಗಿಲಲ್ಲೇ ನಿಂತು, "ಈ ಕೋಣೆ ಆಗಲ್ಲ ಸಾರ್" ಅಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಡುವೆ ಎರಡು ಕಂಬ. ಅಧ್ಯಕ್ಷರ ಬೆನ್ನಿಗೆ ಗೋಡೆಯಗಲದ ಕಿಟಕಿ. ಕ್ಯಾಮೆರಾ ಇಟ್ಟು ನೋಡಿದರೆ ಬೆಳಕಿಗೆ ಬೆನ್ನು ಮಾಡಿದ ಅಧ್ಯಕ್ಷರು ಬರೀ ಕಪ್ಪು ನೆರಳಾಗಿ ಕಂಡರು. ಯಾರನ್ನೋ ಅಪಹರಿಸಿ ಹಣ ಕೇಳುತ್ತಿರುವ ಮನುಷ್ಯನ ಹಾಗಿದ್ದರು. ಮಾತಾಡಿದರೆ ಗೋಡೆಗಳು ಅದೇ ಮಾತನ್ನು ಇನ್ನೊಂದು ಸಲ ಹೇಳುತ್ತಿದ್ದವು. ಫ್ಯಾನು ಹಾಕಿದರೆ ಮೈಕಿನಲ್ಲಿ ಬಿರುಗಾಳಿ, ತೆಗೆದರೆ ಸದಸ್ಯರಿಗೆ ಸೆಕೆ. ದಪ್ಪ ಪರದೆ ಕಟ್ಟಿಸಿದರು, ನೆಲಕ್ಕೆ ಜಮಖಾನ ಹಾಸಿದರು, ವೈರುಗಳನ್ನು ಮೇಜಿನ ಕಾಲಿಗೆ ಟೇಪಿನಿಂದ ಬಿಗಿದರು. ಬೇಕರಿ ನಡೆಸುವ ಸದಸ್ಯರೊಬ್ಬರು ಆ ವೈರಿಗೇ ಕಾಲು ತೊಡರಿಸಿಕೊಂಡು ಬಿದ್ದು, ಇದು ತಮ್ಮ ವಿರುದ್ಧ ನಡೆದ ಸಂಚು ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದರು.

ಅಷ್ಟರಲ್ಲಿ ಉಳಿದವರೂ ಒಬ್ಬೊಬ್ಬರೇ ಕನ್ನಡಕದ ಅಂಗಡಿಗೆ ಬರತೊಡಗಿದರು. ಬೇಕರಿಯವರಿಗೆ ತಮ್ಮ ಎಡಗೆನ್ನೆಯೇ ಕಾಣಬೇಕು. ಮೇಷ್ಟ್ರಿಗೆ ನೆತ್ತಿ ಹೊಳೆಯಬಾರದು. ಅಧ್ಯಕ್ಷರು ಖುದ್ದು ಬಂದು, ಕ್ಯಾಮೆರಾ ಕೊಂಚ ಕೆಳಗೇ ಇರಲಿ, ಆಗ ಮನುಷ್ಯ ಎತ್ತರ ಕಾಣುತ್ತಾನಂತೆ ಎಂದು ಯಾರೋ ಹೇಳಿದ್ದನ್ನು ತಮ್ಮ ಸ್ವಂತ ಸಂಶೋಧನೆ ಎಂಬಂತೆ ಹೇಳಿ ಹೋದರು. ಇನ್ನೊಬ್ಬರು ತಗ್ಗಿದ ದನಿಯಲ್ಲಿ ಕೇಳಿದ್ದು ಇದು: "ಎಚ್ಚರ ಇರೋವಾಗ ಮಾತ್ರ ತೋರ್ಸೋ ಹಾಗೆ ಮಾಡೋಕಾಗಲ್ವಾ?"

ಎಲ್ಲರಿಗೂ ಗುಡುಗಪ್ಪನವರು ತಲೆಯಾಡಿಸಿದರು. ತಮ್ಮ ಚಿಂತೆ ತಮಗೆ. ಕ್ಯಾಮೆರಾದವನನ್ನು ಕಂಬದ ಮರೆಗೆ ಕರೆದು ಮೆಲ್ಲಗೆ ಕೇಳಿದರು.

"ಎಲ್ಲರೂ ಎಲ್ಲಾ ಹೊತ್ತೂ ಕಾಣ್ತಾರೇನಪ್ಪಾ?"

"ಇಲ್ಲ ಸಾರ್. ಯಾರು ಮೈಕಿನ ಗುಂಡಿ ಒತ್ತುತ್ತಾರೋ ಅವರ ಕಡೆ ಕ್ಯಾಮೆರಾ ತಾನೇ ತಿರುಗುತ್ತೆ. ಮಾತಾಡದೇ ಇರೋರು ಕಾಣೋದೇ ಇಲ್ಲ."

ಗುಡುಗಪ್ಪನವರ ಹೊಟ್ಟೆಯಲ್ಲಿ ಹಾಲು ಹುಯ್ದಂತಾಯಿತು. ಆದರೆ ಆ ಹಾಲು ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಾಣದೆ ಇದ್ದರೂ ಕಷ್ಟವೇ! ಇಡೀ ಸಭೆ ನೋಡಿದ ಮೇಲೂ ಗಂಡ ಒಮ್ಮೆಯೂ ಕಾಣಲಿಲ್ಲ ಎಂದರೆ ಹೆಂಡತಿಗೆ ಏನು ಹೇಳುವುದು?

"ಮತ್ತೆ ಕೈ ಎತ್ತೋವಾಗ?"

"ಆವಾಗ ಇಡೀ ಕೋಣೆ ಕಾಣುತ್ತೆ. ಅಧ್ಯಕ್ಷರ ಗುಂಡಿಗೆ ಹಾಗೆ ಹೊಂದಿಸಿದ್ದೀನಿ."

ಅದಕ್ಕೆ ಅವರು ಗಮನ ಕೊಡಲಿಲ್ಲ. ಕೈ ಎತ್ತುವುದು ಅವರ ಲೆಕ್ಕದಲ್ಲಿ ಒಂದು ಕೆಲಸವೇ ಆಗಿರಲಿಲ್ಲ. ಗಾಜಿನ ವಿಷಯ ಬಂದಾಗ ಮಾತ್ರ ಕಸುಬಿನ ಅಭಿಮಾನ ಕೆರಳಿತು. ಕ್ಯಾಮೆರಾದವನು ತಂದಿದ್ದ ಅಗ್ಗದ ಲೆನ್ಸನ್ನು ಕಣ್ಣಿಗೆ ಹಿಡಿದು ನೋಡಿ ಮೂಗು ಮುರಿದರು. ಇಡೀ ಕೋಣೆ ಕಾಣುವಾಗಲೂ ಒಬ್ಬೊಬ್ಬರ ಮುಖ ಬೇರೆ ಬೇರೆಯಾಗಿ ಕಾಣಬೇಕು, ಅಂಗಿಯ ಗುಂಡಿ ಎಣಿಸುವಂತಿರಬೇಕು ಎಂದು ಹಟ ಹಿಡಿದು ಒಳ್ಳೆಯದನ್ನೇ ತರಿಸಿದರು. ಸಭೆಯವರಿಗೂ ಕಾಣಲಿ ಎಂದು ಎದುರು ಗೋಡೆಗೆ ಒಂದು ದೊಡ್ಡ ಟೀವಿ ಹಾಕಿಸಿದರು. ನೇರಪ್ರಸಾರ ಜನರ ಮೊಬೈಲಿನಲ್ಲಿ ಹೇಗೆ ಕಾಣುತ್ತದೋ ಹಾಗೆಯೇ ಅದರಲ್ಲೂ ಕಾಣುತ್ತಿತ್ತು, ಕೆಲವು ಕ್ಷಣ ತಡವಾಗಿ. ಇಲ್ಲಿ ಸೀನಿದವರು ಅಲ್ಲಿ ಸೀನುವ ಹೊತ್ತಿಗೆ ಮೂಗು ಒರೆಸಿಕೊಂಡು ಆಗಿರುತ್ತಿತ್ತು. ಪ್ರಯೋಗದ ದಿನ ಸದಸ್ಯರು ಮಕ್ಕಳ ಹಾಗೆ ಕೈ ಆಡಿಸಿ, ಆಮೇಲೆ ತಾವು ಕೈ ಆಡಿಸುವುದನ್ನು ತಾವೇ ನೋಡಿ ಕೇಕೆ ಹಾಕಿ ನಕ್ಕರು.

ಮೊದಲ ನೇರಪ್ರಸಾರಕ್ಕೆ ದಿನ ಗೊತ್ತಾಯಿತು. ವಿಷಯಗಳ ಪಟ್ಟಿ ಹೊರಬಿತ್ತು. ಅದರ ನಡುವೆ ಸಪ್ಪಗೆ ಒಂದು ಸಾಲು ಕೂತಿತ್ತು: ಮಾರುಕಟ್ಟೆ ಕಟ್ಟಡದ ಮೇಲಂತಸ್ತಿನ ಸದ್ಬಳಕೆ.

ಹೆಂಡತಿ ಆ ಸಾಲನ್ನು ಓದಿದರು, ಇನ್ನೊಮ್ಮೆ ಓದಿದರು. "ಅಂದ್ರೆ ನಮ್ಮ ಹೊಲಿಗೆ ಕೋಣೆ."

"ಹೂಂ" ಅಂದರು ಗುಡುಗಪ್ಪನವರು. ಅಧ್ಯಕ್ಷರ ಬಾಮೈದನಿಗೆ ಸಿಮೆಂಟು ಮೂಟೆ ಇಡಲು ಜಾಗ ಬೇಕಾಗಿರುವುದು ಊರಿಗೆಲ್ಲ ಗೊತ್ತಿತ್ತು.

"ನಾವೆಲ್ಲಿಗೆ ಹೋಗ್ಬೇಕಂತೆ? ಗಂಡ ಬಿಟ್ಟೋಳು ಅಲ್ಲಿ ಹೊಲಿದು ಮಗನಿಗೆ ಫೀಸು ಕಟ್ತಾಳೆ. ಆ ಅಜ್ಜಿ ಕಣ್ಣು ಕಾಣದಿದ್ರೂ ಗುಂಡಿ ಹಾಕಿ ಮೊಮ್ಮಗಳನ್ನ ಸಾಕ್ತಾಳೆ. ನಾನು ಅವರಿಗೆ ಏನು ಹೇಳ್ಲಿ?"

"ನಾನಿದ್ದೀನಲ್ಲ" ಅಂದರು ಗುಡುಗಪ್ಪನವರು. ಬಾಯಿ ಯಾವಾಗಲೂ ಅಷ್ಟೇ, ಅವರನ್ನು ಕೇಳಿ ತೆರೆಯುತ್ತಿರಲಿಲ್ಲ. "ನೋಡ್ತಾ ಇರು."

"ನೋಡ್ತೀವಿ" ಅಂದರು ಹೆಂಡತಿ. ಅದರಲ್ಲಿ ಎಳ್ಳಷ್ಟೂ ಕೊಂಕಿರಲಿಲ್ಲ. ಅದೇ ಅವರ ಕರುಳಿಗೆ ಚುಚ್ಚಿದ್ದು.

ಸಭೆಯ ದಿನ ಎಂದಿನಂತೆ ಅಧ್ಯಕ್ಷರ ಕೊಠಡಿಯಲ್ಲಿ ಚಹಾ ಆಯಿತು. ಅಲ್ಲಿ ಕ್ಯಾಮೆರಾ ಇರಲಿಲ್ಲ; ಆದೇಶ ಸಭೆಯ ಕೋಣೆಗೆ ಮಾತ್ರ ಎಂದು ಕಾರ್ಯದರ್ಶಿ ಗಟ್ಟಿಮಾಡಿಕೊಂಡಿದ್ದರು. ಹೊಲಿಗೆ ಕೋಣೆಯ ವಿಷಯ ಎರಡು ಗುಟುಕಿನಲ್ಲಿ ಮುಗಿಯಿತು. ಗುಡುಗಪ್ಪನವರು ಬಿಸ್ಕತ್ತನ್ನು ಅದ್ದಿದರು. ಅದು ಮುರಿದು ಚಹಾದೊಳಗೆ ಬಿತ್ತು. ಅಧ್ಯಕ್ಷರು ಅವರ ತೊಡೆ ತಟ್ಟಿದರು.

"ನಿಮ್ಮ ಮನೆಯೋರ ವಿಷಯ, ನಂಗೆ ಗೊತ್ತು. ಬೇಜಾರ್ ಮಾಡ್ಕೋಬೇಡಿ. ಬೇಕಾದ್ರೆ ನಾಲ್ಕು ಮಾತು ಖಾರವಾಗೇ ಆಡಿ. ನೋಡೋರಿಗೂ ಚರ್ಚೆ ನಡೀತು ಅನ್ನಿಸ್ಬೇಕಲ್ಲ?"

ಬೈಯುವುದಕ್ಕೆ ಅನುಮತಿ ಕೊಟ್ಟ ಅಧ್ಯಕ್ಷರನ್ನು ಗುಡುಗಪ್ಪನವರು ದೇವರ ಹಾಗೆ ನೋಡಿದರು. ಹೆಂಡತಿಗೂ ತೋರಿಸಿದಂತಾಯಿತು, ಯಾರ ಮುಖವೂ ಕೆಡುವುದಿಲ್ಲ.

ಕೆಂಪು ದೀಪ ಹತ್ತಿತು. ಹತ್ತಿದ್ದೇ ತಡ, ಆ ಕೋಣೆಗೆ ಹುಚ್ಚು ಹಿಡಿಯಿತು. ಹಿಂದೆ ಎರಡು ವಿಷಯದ ನಡುವೆ ತೂಕಡಿಸುತ್ತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಗುಂಡಿ ಒತ್ತತೊಡಗಿದರು. ಕ್ಯಾಮೆರಾ ಪಾಪ ಎಡಕ್ಕೂ ಬಲಕ್ಕೂ ಕತ್ತು ತಿರುಗಿಸಿ ತಿರುಗಿಸಿ ಸುಸ್ತಾಯಿತು. ಬೇಕರಿಯವರು ಎಡಗೆನ್ನೆ ಮುಂದೆ ಮಾಡಿ ಪ್ರಜಾಪ್ರಭುತ್ವದ ಬಗ್ಗೆ ಮಾತಾಡಿದರು, ವಿಷಯ ಬೀದಿನಾಯಿಗಳದಾಗಿತ್ತು. ಮೇಷ್ಟ್ರು ನೆತ್ತಿಗೆ ಪುಡಿ ಬಳಿದುಕೊಂಡು ಬಂದು ಶಾಂತಿ, ಶಾಂತಿ ಎಂದು ಎಲ್ಲರಿಗಿಂತ ಜೋರಾಗಿ ಕಿರುಚಿದರು. ಇಷ್ಟಾದರೂ ಪ್ರತಿ ಸಲ ಕೊನೆಗೆ ಟಕ್, ಕೈ, ಸರ್ವಾನುಮತ. ಹೊಡೆದಾಡಿಕೊಂಡವರೂ ಪಕ್ಕಪಕ್ಕದಲ್ಲೇ ಕೈ ಎತ್ತಿದರು.

ಕಾರ್ಯದರ್ಶಿ ಮೇಲಂತಸ್ತಿನ ಸದ್ಬಳಕೆಯನ್ನು ಓದಿ ನಿಲ್ಲಿಸಿದರು. ಅಧ್ಯಕ್ಷರು ಹುಬ್ಬಿನಲ್ಲೇ ಸನ್ನೆ ಮಾಡಿದರು. ಗುಡುಗಪ್ಪನವರು ಗುಂಡಿ ಒತ್ತಿದರು. ಕ್ಯಾಮೆರಾ ಹೊರಳಿ ಅವರನ್ನೇ ನೋಡಿತು.

"ಆ ಕೋಣೆ..." ಅಂದರು. ಅದಕ್ಕಿಂತ ಮುಂದೆ ಬರಲಿಲ್ಲ. ನಾಲ್ಕು ಖಾರದ ಮಾತು ಎಂದು ಗಟ್ಟಿಮಾಡಿಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು. ನೆನಪಿನಲ್ಲಿ ಉಳಿದಿದ್ದದ್ದು ಹೆಂಡತಿ ಹೇಳಿದ್ದು ಮಾತ್ರ. ಅದನ್ನೇ ಹೇಳಿದರು. ಗಂಡ ಬಿಟ್ಟವಳ ಮಗನ ಫೀಸಿನ ಬಗ್ಗೆ ಹೇಳಿದರು. ಗುಂಡಿ ಹಾಕುವ ಅಜ್ಜಿಯ ಬಗ್ಗೆ ಹೇಳಿದರು: ಆ ಅಜ್ಜಿಗೆ ತಾವೇ ಕನ್ನಡಕ ಮಾಡಿಕೊಟ್ಟದ್ದು, ಯಾವ ಗಾಜು ಹಾಕಿದರೂ ಆಕೆ ಈಗ ಕಾಣುತ್ತಿದೆ ಅನ್ನಲಿಲ್ಲ, ಆದರೂ ಆಕೆಯ ಬೆರಳಿಗೆ ಸೂಜಿ ದಾರ ಕಾಣುತ್ತದೆ ಎಂದರು. ಅಲ್ಲಿಂದ ಮಾತು ತಾನಾಗಿ ಹರಿಯಿತು. "ಸಿಮೆಂಟು ಮೂಟೆ ಎಲ್ಲಿ ಬೇಕಾದ್ರೂ ಕೂರುತ್ತೆ ಸ್ವಾಮಿ. ಈ ಹೆಂಗಸರು ಎಲ್ಲಿ ಕೂರ್ಬೇಕು? ನಮ್ಮ ತಲೆ ಮೇಲಾ?" ಎಂದು ಕೇಳುವಾಗ ಅವರ ಗಂಟಲಿನಿಂದ ಎದ್ದ ದನಿ ಅವರದಾಗಿರಲಿಲ್ಲ, ಹರಾಜು ಕೂಗುತ್ತಿದ್ದ ತಂದೆಯದು. ಪರದೆಗಳು, ಜಮಖಾನ ಎಲ್ಲವನ್ನೂ ಮೀರಿ ಗೋಡೆಗಳು ಅದನ್ನು ಮತ್ತೊಮ್ಮೆ ಹೇಳಿದವು. ಬಾಗಿಲಲ್ಲಿ ಚಹಾ ಲೋಟ ಎತ್ತಲು ಬಂದಿದ್ದ ಜವಾನ ನಿಂತಲ್ಲೇ ನಿಂತ.

ಗುಡುಗಪ್ಪನವರಿಗೆ ಮೈಯೆಲ್ಲ ಬಿಸಿಯಾಯಿತು. ಅಧ್ಯಕ್ಷರ ಅನುಮತಿ, ಚಹಾ, ತೊಡೆ ತಟ್ಟಿದ್ದು ಎಲ್ಲ ಮರೆತೇ ಹೋಯಿತು. ತಾವು ಆಡಿದ್ದು ನಿಜ, ಪ್ರತಿಯೊಂದು ಅಕ್ಷರವೂ ನಿಜ ಎಂದು ಅವರಿಗೆ ಮೊದಲ ಬಾರಿಗೆ ಅನ್ನಿಸಿತು. ಈ ಸಲ ಕೈ ಎತ್ತುವುದಿಲ್ಲ ಎಂದು ಹಲ್ಲು ಕಚ್ಚಿ ನಿಶ್ಚಯಿಸಿ ಕೂತರು. ಒಬ್ಬನೇ ಆದರೆ ಒಬ್ಬನೇ. ಇಷ್ಟು ವರ್ಷ ಹೇಳಿದ ಸುಳ್ಳು ಇವತ್ತು ಒಂದು ದಿನವಾದರೂ ನಿಜವಾಗಲಿ. ಕಣ್ಣು ಎದುರಿನ ಟೀವಿಯ ಮೇಲೆ ನೆಟ್ಟಿತ್ತು. ಅದರಲ್ಲಿ ಅವರು ಇನ್ನೂ ಮಾತಾಡುತ್ತಲೇ ಇದ್ದರು, ಮುಖ ಕೆಂಪಾಗಿತ್ತು, ಬೆರಳು ಗಾಳಿಯಲ್ಲಿತ್ತು. ಎಂಥ ಮನುಷ್ಯ ಎಂದು ಅವರಿಗೇ ಮೆಚ್ಚಿಗೆಯಾಯಿತು.

ಟಕ್.

ಟೀವಿಯಲ್ಲಿ ತಮ್ಮ ಮಾತು ಮುಗಿಯುವುದನ್ನೇ ಅವರು ನೋಡುತ್ತಿದ್ದರು. "ನಮ್ಮ ತಲೆ ಮೇಲಾ?" ಎಂದು ಅಲ್ಲಿ ಕೇಳುವ ಹೊತ್ತಿಗೆ ಇಲ್ಲಿ ಕಾರ್ಯದರ್ಶಿ "ಸರ್ವಾನುಮತದಿಂದ" ಅನ್ನುತ್ತಿದ್ದರು. ಯಾಕೆ ಸರ್ವಾನುಮತ ಎಂದು ಗುಡುಗಪ್ಪನವರು ಸಿಟ್ಟಿನಿಂದ ತಿರುಗಿದರು. ಆಗ ತೋಳು ಭಾರವಾಗಿರುವುದು ಗೊತ್ತಾಯಿತು. ನೋಡಿದರೆ ಕೈ ಮೇಲಿತ್ತು. ಬೆಂಕಿ ಮುಟ್ಟಿದವರ ಹಾಗೆ ಕೆಳಗೆಳೆದುಕೊಂಡರು. ಎಳೆದುಕೊಂಡು ಏನು ಬಂತು? ಟೀವಿಯಲ್ಲಿ ಆಗಷ್ಟೇ ಇಡೀ ಕೋಣೆ ಕಾಣಿಸಿತು. ಕುದುರೆಲಾಳದ ಆ ತುದಿಯಲ್ಲಿ, ಅಂಗಿಯ ಗುಂಡಿ ಎಣಿಸುವಷ್ಟು ಸ್ಪಷ್ಟವಾಗಿ, ಅವರು ಮಾತು ಮುಗಿಸಿ ಕೂತಿದ್ದರು. ಪೆನ್ಸಿಲು ಬಡಿಯಿತು. ಅವರ ಕೈ ಉಳಿದ ಎಲ್ಲ ಕೈಗಳಿಗಿಂತ ಮೊದಲು ನೆಟ್ಟಗೆ ಎದ್ದಿತು. ತಮ್ಮ ಎರಡೂ ಕೈಗಳು ತೊಡೆಯ ಮೇಲಿದ್ದಾಗಲೇ ತಾವು ಕೈ ಎತ್ತುವುದನ್ನು ಅವರು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು.

ಆಗಲೂ ಹೊತ್ತು ಮೀರಿರಲಿಲ್ಲ. ಗುಂಡಿ ಒತ್ತಿ, ತಪ್ಪಾಯಿತು, ನನ್ನದು ವಿರೋಧ, ಬರೆದುಕೊಳ್ಳಿ ಎಂದು ಹೇಳಿದ್ದರೆ ಸಾಕಾಗಿತ್ತು. ಬೆರಳು ಗುಂಡಿಯ ಮೇಲೆ ಹೋಯಿತು ಕೂಡ. ಆದರೆ ಈಗ ಹೇಳಿದರೆ ಇಡೀ ಊರು ಬಿದ್ದು ಬಿದ್ದು ನಗುತ್ತದೆ. ತನ್ನ ಕೈ ತನಗೇ ಗೊತ್ತಿಲ್ಲದವನು ಎಂದು ಆಡಿಕೊಳ್ಳುತ್ತದೆ. ಸುಮ್ಮನಿದ್ದರೆ ಯಾರಾದರೂ ಗಮನಿಸುತ್ತಾರೋ ಇಲ್ಲವೋ. ಅವರು ಬೆರಳು ಹಿಂದೆ ತೆಗೆದರು. ಕಾರ್ಯದರ್ಶಿ ಮುಂದಿನ ವಿಷಯ ಓದತೊಡಗಿದರು.

ಮನೆಗೆ ಹೋಗುವ ದಾರಿಯಲ್ಲಿ ಅವರಿಗೆ ಜೀವ ಬಂತು. ಯಾರೂ ಗಮನಿಸಿರಲಿಲ್ಲ! ಔಷಧಿ ಅಂಗಡಿಯವನು ಗಲ್ಲಾ ಬಿಟ್ಟು ಓಡಿಬಂದು ಕೈ ಕುಲುಕಿದ. "ಏನ್ ಗುಡುಗು ಸಾರ್ ಅದು! ಮೈ ಜುಂ ಅಂತು." ಯಾರೋ ಪುಣ್ಯಾತ್ಮ ಅವರ ಮಾತಿನಷ್ಟನ್ನೇ ಕತ್ತರಿಸಿ ಊರೆಲ್ಲ ಹಂಚಿದ್ದ. "ನಮ್ಮ ತಲೆ ಮೇಲಾ?" ಎಂಬಲ್ಲಿಗೆ ಅದು ಮುಗಿಯುತ್ತಿತ್ತು. ಆಮೇಲಿನದನ್ನು ನೋಡುವ ವ್ಯವಧಾನ ಯಾರಿಗಿದೆ? ಬಸ್ಸಿನಿಂದ ಒಬ್ಬ ತಲೆ ಹೊರಗೆ ಹಾಕಿ ಅವರದೇ ಮಾತನ್ನು ಅವರಿಗೇ ಕೂಗಿ ಹೇಳಿದ. ಅಧ್ಯಕ್ಷರೂ ಫೋನು ಮಾಡಿ, ಪ್ರತಿ ಸಭೆಯಲ್ಲೂ ಹೀಗೇ ಮಾತಾಡಿ, ಪುರಸಭೆಗೆ ಕಳೆ ಬಂತು ಎಂದು ಬೆನ್ನು ತಟ್ಟಿದರು. ಮನೆಯ ತಿರುವಿಗೆ ಬರುವ ಹೊತ್ತಿಗೆ ಗುಡುಗಪ್ಪನವರು ಎದೆ ಸೆಟೆಸಿ ನಡೆಯುತ್ತಿದ್ದರು. ನಾನೊಬ್ಬನೇ ವಿರೋಧಿಸಿದೆ, ಉಳಿದವರೆಲ್ಲ ಒಂದಾದರು. ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು.

ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಲಿಗೆ ಯಂತ್ರಗಳನ್ನು ಆಗಲೇ ತಂದು ಗೋಡೆಗೆ ಒತ್ತಾಗಿ ನಿಲ್ಲಿಸಿದ್ದರು. ಗುಂಡಿ ಹಾಕುವ ಅಜ್ಜಿಯನ್ನು ಕೈ ಹಿಡಿದು ನಡೆಸಿಕೊಂಡು ಹೆಂಗಸರು ಹಿತ್ತಿಲ ಬಾಗಿಲಿನಿಂದ ಹೊರಟಿದ್ದರು. ಯಾರೂ ಇವರತ್ತ ನೋಡಲಿಲ್ಲ. ಹೆಂಡತಿ ಒಂದು ಯಂತ್ರದ ಮೇಲಿನ ಧೂಳು ಒರೆಸುತ್ತಿದ್ದರು.

"ನೋಡಿದ್ಯಾ?" ಅಂದರು ಗುಡುಗಪ್ಪನವರು.

"ನೋಡಿದ್ವಿ. ಆ ಕೋಣೇಲೇ ಕೂತು, ಮೊಬೈಲನ್ನ ಯಂತ್ರಕ್ಕೆ ಒರಗಿಸಿ, ಎಲ್ಲರೂ ನೋಡಿದ್ವಿ. ನೀವು ಮಾತಾಡೋವಾಗ ಅಜ್ಜಿ ಅತ್ತುಬಿಟ್ಟಳು."

"ನಾನೊಬ್ಬನೇ..."

"ಕೊನೇವರೆಗೂ ನೋಡಿದ್ವಿ."

ಗುಡುಗಪ್ಪನವರ ಬಾಯಿ ತೆರೆದೇ ಇತ್ತು. ಕ್ಯಾಮೆರಾ ಕೋನ ಸರಿಯಿರಲಿಲ್ಲ, ಬೇರೆಯವರ ಕೈ ಹಾಗೆ ಕಂಡಿರಬೇಕು, ಇಂಥ ಗಾಜಿನಲ್ಲಿ ಕೆಲವೊಮ್ಮೆ ಹಾಗಾಗುತ್ತದೆ ಎಂದು ಏನೇನೋ ತೊದಲಿದರು. ಹೆಂಡತಿ ಕೇಳಿಸಿಕೊಂಡರು. ಸಿಟ್ಟು ಮಾಡಲಿಲ್ಲ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಯಂತ್ರದ ಮೇಲಿಟ್ಟರು.

"ಒಂದು ಕೇಳ್ಲಾ? ನಮ್ಮಮ್ಮನ ಮನೆ ಜಗಲಿ ಒಡೆದ್ರಲ್ಲ, ರಸ್ತೆ ಅಗಲ ಮಾಡ್ತೀವಿ ಅಂತ. ಅವತ್ತು ಸಭೇಲಿ ನೀವೊಬ್ರೇ ಎದ್ದು ನಿಂತ್ರಿ ಅಂದಿದ್ರಿ. ಅಮ್ಮ ಸಾಯೋವರೆಗೂ ಬಂದೋರಿಗೆಲ್ಲ ಅದನ್ನೇ ಹೇಳ್ತಿದ್ದಳು, ನನ್ನ ಅಳಿಯ ಒಬ್ಬನೇ ನಿಂತ ಅಂತ. ಅವತ್ತು?"

ಅವತ್ತು ಕ್ಯಾಮೆರಾ ಇರಲಿಲ್ಲ. ಏನು ಹೇಳಿದರೂ ನಡೆಯುತ್ತಿತ್ತು. ಸುಳ್ಳೆಂದು ತೋರಿಸುವವರು ಲೋಕದಲ್ಲಿ ಯಾರೂ ಇರಲಿಲ್ಲ. ಗುಡುಗಪ್ಪನವರು ಹೆಂಡತಿಯ ಮುಖ ನೋಡಿದರು. ಅಲ್ಲಿ ಇನ್ನೂ ಒಂದು ಚೂರು ಆಸೆ ಉಳಿದಿತ್ತು. ಅದನ್ನು ಕಂಡು ಅವರಿಗೆ ನಾಚಿಕೆಯಾಯಿತು, ಹುಟ್ಟಿದ ಮೇಲೆ ಆಗದಷ್ಟು ನಾಚಿಕೆಯಾಯಿತು.

"ಕೈ ಎತ್ತಿದೆ" ಅಂದರು.

ಹೆಂಡತಿ ತಲೆಯಾಡಿಸಿದರು. ಅಷ್ಟರಲ್ಲಿ ಬೀದಿಬಾಗಿಲಲ್ಲಿ ಗಲಾಟೆ ಎದ್ದಿತು. ವಾರ್ಡಿನ ಜನ ಗುಂಪು ಕಟ್ಟಿಕೊಂಡು ಬಂದು ಗುಡುಗಪ್ಪನವರಿಗೆ ಜೈಕಾರ ಹಾಕುತ್ತಿದ್ದರು. ನಾಲ್ಕು ಮಾತಾಡಲೇಬೇಕು ಎಂದು ಕೂಗುತ್ತಿದ್ದರು.

"ಕರೀತಿದ್ದಾರೆ" ಅಂದರು ಹೆಂಡತಿ. "ಹೋಗಿ ಮಾತಾಡಿ."

"ಇವಳೇ..."

"ಹೋಗಿ. ಚೆನ್ನಾಗಿ ಮಾತಾಡ್ತೀರಿ."

ಹೆಂಡತಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಗುಡುಗಪ್ಪನವರು ಯಂತ್ರಗಳ ನಡುವೆ ಮೈ ಓರೆ ಮಾಡಿಕೊಂಡು ದಾರಿ ಬಿಡಿಸಿಕೊಂಡು ಹೊರಬಾಗಿಲಿಗೆ ಹೋದರು. ಯಾರೋ ಆಗಲೇ ಮೊಬೈಲು ಎತ್ತಿ ಹಿಡಿದಿದ್ದ. ಅವರು ಮಾತಾಡಿದರು. ಜನ ಎರಡೆರಡು ಸಲ ಚಪ್ಪಾಳೆ ತಟ್ಟಿದರು.